ಮನೆಗೆಲಸದ ಸೇವೆಯನ್ನು ಉಡುಗೊರೆಯಾಗಿ ಮಾರುವುದು: ದುಡ್ಡು ಕೊಡುವವರು ಒಬ್ಬರು, ಬಾಗಿಲು ತೆರೆಯುವವರು ಇನ್ನೊಬ್ಬರು

ಪ್ರಶ್ನೆ: ಮನೆ ಕ್ಲೀನಿಂಗ್ ಮತ್ತು ಸಣ್ಣಪುಟ್ಟ ರಿಪೇರಿ ಮಾಡಿಕೊಡುವ ಪುಟ್ಟ ಸಂಸ್ಥೆ ನಮ್ಮದು. ಕೆಲಸಕ್ಕೆ ನಾಲ್ಕು ಜನ ಇದ್ದಾರೆ. ಫೋನ್ ಮಾಡಿ ವಿಚಾರಿಸುವವರಿಗೆ ಕೊರತೆಯಿಲ್ಲ. ಆದರೆ ‘ನಮ್ಮನೆ ಕೆಲಸ ನಾವೇ ಮಾಡ್ಕೋತೀವಿ, ಅದಕ್ಕೂ ದುಡ್ಡು ಕೊಡೋದಾ’ ಎಂದು ಹಿಂದೆ ಸರಿಯುತ್ತಾರೆ. ಒಮ್ಮೆ ಮಾಡಿಸಿಕೊಂಡವರು ಮಾತ್ರ ಮತ್ತೆ ಕರೆಯುತ್ತಾರೆ. ಹಾಗಾದರೆ ಸೇವೆಯನ್ನೇ ಉಡುಗೊರೆಯಾಗಿ ಮಾರಿದರೆ ಆ ಮೊದಲ ಹಿಂಜರಿಕೆ ಹೋಗಬಹುದೇ? ವೋಚರ್‌ನಲ್ಲಿ ಏನು ಬರೆಯಬೇಕು, ಅವಧಿ ಎಷ್ಟಿರಬೇಕು, ರಿಯಾಯಿತಿ ಕೊಡಬೇಕೇ?

ಉತ್ತರ: ಒಂದಿಷ್ಟು ಹಿಂಜರಿಕೆ ಹೋಗುತ್ತದೆ, ಎಲ್ಲವೂ ಅಲ್ಲ. ‘ಬೇಡ’ ಎನ್ನುವ ಮಾತು ಒಂದೇ ಆದರೂ ಅದರ ಹಿಂದಿನ ಕಾರಣ ಬೇರೆ ಬೇರೆ. ಕೈಯಾರೆ ಮಾಡಬಹುದಾದ ಕೆಲಸಕ್ಕೆ ದುಡ್ಡು ಬಿಚ್ಚಲು ಕೆಲವರಿಗೆ ಮನಸ್ಸು ಬಾರದು. ಬೇರೆಯವರಿಂದ ಮಾಡಿಸಿಕೊಂಡರೆ ಸೋಮಾರಿ ಅನ್ನಿಸಿಕೊಳ್ಳಬೇಕಾಗುತ್ತದೆ ಎಂಬ ಅಳುಕು ಇನ್ನು ಕೆಲವರಿಗೆ. ಮನೆಯ ಅವ್ಯವಸ್ಥೆ ಹೊರಗಿನವರ ಕಣ್ಣಿಗೆ ಬೀಳುತ್ತದಲ್ಲ ಎಂಬ ನಾಚಿಕೆ ಮೂರನೆಯದು. ಗುರುತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳುವ ಭಯ ನಾಲ್ಕನೆಯದು. ಕೆಲಸ ಮುಗಿದ ಮೇಲೆ ಬಿಲ್ ಎಷ್ಟಾಗುತ್ತದೋ ಎಂಬ ಅನುಮಾನ ಐದನೆಯದು. ಉಡುಗೊರೆ ಮೊದಲಿನ ಎರಡನ್ನು ಚೆನ್ನಾಗಿ ಕರಗಿಸುತ್ತದೆ. ಐದನೆಯದು ಪೂರ್ತಿ ಹಣ ಮೊದಲೇ ಸಂದಾಯವಾಗಿದ್ದರೆ ಮಾತ್ರ ಕರಗುತ್ತದೆ. ನಾಚಿಕೆ ಮತ್ತು ಭಯ ಹಾಗೇ ಉಳಿಯುತ್ತವೆ. ಎಷ್ಟೋ ಸಲ ಹೆಚ್ಚುತ್ತವೆ ಕೂಡ, ಏಕೆಂದರೆ ನಿಮ್ಮನ್ನು ಆರಿಸಿದ್ದು ಆ ಮನೆಯವರಲ್ಲ.

ಹಾಗಾಗಿ ವೋಚರ್ ಕಾರ್ಡ್ ಪ್ರಿಂಟ್‌ಗೆ ಕೊಡುವ ಮುಂಚೆ, ವಿಚಾರಿಸಿ ಸುಮ್ಮನಾದವರಲ್ಲಿ ಹದಿನೈದು ಇಪ್ಪತ್ತು ಮಂದಿಗೆ ಫೋನ್ ಮಾಡಿ. ಮಾರುವ ಮಾತೇ ಎತ್ತಬೇಡಿ. ‘ಅವತ್ತು ಬೇಡ ಅನ್ನಿಸಿದ್ದು ಯಾಕೆ?’ ಎಂದಷ್ಟೇ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ‘ಯಾರು ಬರ್ತಾರೋ ಏನೋ’, ‘ನಾವು ಮನೇಲಿಲ್ಲದಾಗ ಹೇಗೆ’ ಎನ್ನುವವರೇ ಹೆಚ್ಚಿದ್ದರೆ ವೋಚರ್‌ಗಿಂತ ಮೊದಲು ಸರಿಯಾಗಬೇಕಾದ್ದು ಕೆಲಸಗಾರರ ಗುರುತಿನ ಚೀಟಿ, ಕೆಲಸಕ್ಕೆ ಸೇರಿಸಿಕೊಳ್ಳುವಾಗಿನ ಪರಿಶೀಲನೆ, ಒಡೆದ ವಸ್ತುವಿಗೆ ಪರಿಹಾರ ಕೊಡುವ ನಿಯಮ. ‘ಅದಕ್ಕೂ ದುಡ್ಡಾ’ ಎನ್ನುವವರು ಹೆಚ್ಚಿದ್ದರೆ ಉಡುಗೊರೆಯ ದಾರಿ ಸರಿಯಾದದ್ದೇ.

ಅದು ಕೆಲಸ ಮಾಡುವುದೇಕೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲೇ ವಿವರಣೆ ಕೊಟ್ಟಿದ್ದರು (2017ರಲ್ಲಿ ಅವರಿಗೆ ನೊಬೆಲ್ ಬಂತು). ಜನ ಮನಸ್ಸಿನೊಳಗೇ ಹಣವನ್ನು ಬೇರೆ ಬೇರೆ ಖಾತೆಗಳಾಗಿ ಹಂಚಿಟ್ಟುಕೊಂಡಿರುತ್ತಾರೆ. ಮನೆಖರ್ಚಿನ ಖಾತೆಯಿಂದ ತೆಗೆಯಲು ಬಾರದ ಹಣ ಉಡುಗೊರೆಯ ಖಾತೆಯಿಂದ ಸಲೀಸಾಗಿ ಹೊರಬರುತ್ತದೆ. ತಾನಾಗಿ ಎಂದೂ ಕೊಳ್ಳದ ವಸ್ತು ಇನ್ನೊಬ್ಬರಿಂದ ಬಂದಾಗ ಸಂಕೋಚವಿಲ್ಲದೆ ಅನುಭವಿಸುವುದೂ ಇದೇ ಕಾರಣಕ್ಕೆ. ಸಮಯ ಉಳಿಸುವ ಸೇವೆಗಳ ಬಗ್ಗೆಯೇ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಶ್ಲೀ ವಿಲನ್ಸ್ ಮತ್ತು ಜೊತೆಗಾರರು ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ 6,000ಕ್ಕೂ ಹೆಚ್ಚು ಜನರನ್ನು ಗಮನಿಸಿದ್ದರು. ಬೇಡದ ಕೆಲಸವನ್ನು ಬೇರೆಯವರಿಗೆ ವಹಿಸಿ ಸಮಯ ಉಳಿಸಿಕೊಂಡವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡರು. ಆದರೆ ಕೈಗೆ ಸಣ್ಣ ಮೊತ್ತ ಸಿಕ್ಕರೆ ಏನು ಮಾಡುತ್ತೀರಿ ಎಂದು ಬೇರೊಂದು ಗುಂಪನ್ನು ಕೇಳಿದಾಗ, ಸಮಯ ಉಳಿಸುವುದಕ್ಕೆ ಬಳಸುತ್ತೇವೆ ಎಂದವರು 2% ಮಾತ್ರ. ದೊಡ್ಡ ಶ್ರೀಮಂತರಲ್ಲೂ ಹೆಚ್ಚುಕಡಿಮೆ ಅರ್ಧ ಜನ ಇಂಥದ್ದಕ್ಕೆ ಏನೂ ಖರ್ಚು ಮಾಡುತ್ತಿರಲಿಲ್ಲ.

ನಿಮ್ಮ ರಿಯಾಯಿತಿಯ ಪ್ರಶ್ನೆಗೆ ಉತ್ತರ ಈ ಕೊನೆಯ ಮಾತಿನಲ್ಲೇ ಇದೆ. ಹಣ ಇದ್ದವರಿಗೂ ಮನಸ್ಸು ಬರುವುದಿಲ್ಲ ಎಂದಮೇಲೆ ದರ ಇಳಿಸಿದರೆ ಮನಸ್ಸು ಬರುತ್ತದೆ ಎನ್ನಲು ಆಧಾರವಿಲ್ಲ. ಉಡುಗೊರೆ ವೋಚರ್‌ಗೆ ರಿಯಾಯಿತಿ ಬೇಡ. ಕೊಡುವವರಿಗೂ ಅಗ್ಗದ್ದನ್ನು ಕೊಟ್ಟೆನೇನೋ ಎಂಬ ಮುಜುಗರ. ಪಡೆದವರು ಮುಂದೆ ತಾವೇ ಬುಕ್ ಮಾಡಲು ಬಂದಾಗ ಪೂರ್ತಿ ದರ ದುಬಾರಿ ಎನಿಸುತ್ತದೆ. ಏನಾದರೂ ಹೆಚ್ಚಿಗೆ ಕೊಡಲೇಬೇಕೆಂದಿದ್ದರೆ ಅರ್ಧ ಗಂಟೆ ಕೆಲಸ ಸೇರಿಸಿ. ಅದು ದರದ ಪಟ್ಟಿಯನ್ನು ಕೆಡಿಸುವುದಿಲ್ಲ.

ಯಾರಿಗೆ, ಯಾವ ಸಂದರ್ಭಕ್ಕೆ

ಕ್ಲೀನಿಂಗ್ ಉಡುಗೊರೆಯ ದೊಡ್ಡ ಅಪಾಯ ಎಂದರೆ ಅದು ಚುಚ್ಚುಮಾತಿನಂತೆ ಕೇಳಿಸುವುದು. ಸೊಸೆ ಅತ್ತೆಗೆ ಅಡುಗೆಮನೆ ಕ್ಲೀನಿಂಗ್ ಕೊಟ್ಟರೆ ಅತ್ತೆಗೆ ಕೇಳಿಸುವುದು ‘ನಿಮ್ಮ ಅಡುಗೆಮನೆ ಗಲೀಜು’ ಎಂದೇ. ಗಂಡ ಹೆಂಡತಿಯ ಹುಟ್ಟುಹಬ್ಬಕ್ಕೆ ಕೊಟ್ಟರೆ ಇನ್ನೂ ಕಷ್ಟ: ಮನೆಗೆಲಸ ನಿನ್ನದೇ, ಅದರಲ್ಲಿ ಮೂರು ಗಂಟೆ ಮಾಫಿ ಎಂದ ಹಾಗೆ. ಇಂಥ ಆರ್ಡರ್ ಬಂದಾಗ ‘ಮನೆಗೆ’ ಎನ್ನುವ ಬದಲು ‘ಇಬ್ಬರಿಗೂ’ ಎಂದು ಬರೆಸಲು ಸೂಚಿಸಬಹುದು, ಅಥವಾ ಹುಟ್ಟುಹಬ್ಬದ ಉಡುಗೊರೆ ಬೇರೆಯೇ ಇರಲಿ ಎಂದು ನೇರವಾಗಿ ಹೇಳಬಹುದು. ಒಂದು ಆರ್ಡರ್ ಹೋದರೂ ಒಂದು ಮನೆಯ ಜಗಳಕ್ಕೆ ನಿಮ್ಮ ಹೆಸರು ಅಂಟುವುದಿಲ್ಲ.

ಅವಮಾನ ಆಗದ ಸಂದರ್ಭಗಳಿಗೆ ಒಂದು ಸಾಮಾನ್ಯ ಗುಣವಿದೆ. ಕೆಲಸ ಹೆಚ್ಚಾಗಲು ಕಾರಣ ಮನೆಯವರ ಅಸಡ್ಡೆಯಲ್ಲ, ಹೊರಗಿನಿಂದ ಬಂದ ಯಾವುದೋ ಘಟನೆ. ಮಗು ಹುಟ್ಟಿದ ಮೊದಲ ಮೂರು ತಿಂಗಳು, ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ, ಮನೆ ಬದಲಾವಣೆ, ಪೇಂಟಿಂಗ್ ಅಥವಾ ರಿಪೇರಿ ಮುಗಿದ ವಾರ, ನೆಂಟರೆಲ್ಲ ಬಂದು ಹೋದ ಮರುದಿನ, ಮನೆಯಲ್ಲಿ ಸಾವಾದಾಗ. ಈ ಕೊನೆಯದನ್ನು ಜಾಹೀರಾತು ಮಾಡಬೇಡಿ, ಕೇಳಿದವರಿಗೆ ಮಾತ್ರ ಇದೆ ಎನ್ನಿ. ನಿಮ್ಮ ಪುಟದಲ್ಲಾಗಲಿ ಕರಪತ್ರದಲ್ಲಾಗಲಿ ಸೇವೆಯ ಹೆಸರಿಗಿಂತ ಸಂದರ್ಭದ ಹೆಸರು ದೊಡ್ಡದಾಗಿರಲಿ. ‘ಡೀಪ್ ಕ್ಲೀನಿಂಗ್ ವೋಚರ್’ ಎಂದರೆ ಕೊಳ್ಳುವವರು ದರ ನೋಡುತ್ತಾರೆ. ‘ಹೊಸ ಮಗುವಿನ ಮನೆಗೆ ಮೂರು ಗಂಟೆ ಬಿಡುವು’ ಎಂದರೆ ಅವರಿಗೆ ಯಾರೋ ಒಬ್ಬರ ಮುಖ ನೆನಪಾಗುತ್ತದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಮಾರುಕಟ್ಟೆ ದೂರದಲ್ಲಿರುವ ಮಕ್ಕಳು ವಯಸ್ಸಾದ ತಂದೆತಾಯಿಗೆ ಮಾಡಿಸುವುದು. ಇಲ್ಲಿ ಕೊಡುವವರಿಗೆ ಕಾರಣ ಇದೆ, ಹಣ ಇದೆ, ಮತ್ತೆ ಮತ್ತೆ ಕೊಡುವ ಸಾಧ್ಯತೆಯೂ ಇದೆ. ಆದರೆ ‘ನಮಗ್ಯಾಕೆ ಅದೆಲ್ಲ’ ಎನ್ನುವವರೂ ಈ ತಂದೆತಾಯಿಯೇ. ಹಿರಿಯರಿಗೆ ‘ಮನೆ ಕ್ಲೀನಿಂಗ್’ ಎಂದು ಕೊಡಬೇಡಿ; ಅವರು ಜೀವಮಾನವಿಡೀ ತಾವೇ ಮಾಡಿದ ಕೆಲಸ ಅದು. ಅವರ ಕೈಗೆ ಈಗ ನಿಲುಕದ ಕೆಲಸಗಳನ್ನಷ್ಟೇ ಸೇರಿಸಿ ಒಂದು ಪ್ಯಾಕೇಜ್ ಮಾಡಿ: ಫ್ಯಾನ್ ಒರೆಸುವುದು, ಅಟ್ಟದ ಮೇಲಿನದನ್ನು ಇಳಿಸಿ ಧೂಳು ತೆಗೆದು ಮತ್ತೆ ಇಡುವುದು, ಪರದೆ ಬಿಚ್ಚಿ ಒಗೆದ ಮೇಲೆ ಹಾಕಿಕೊಡುವುದು, ಹಾಸಿಗೆ ಮಗುಚುವುದು, ಬಲ್ಬ್ ಬದಲಿಸುವುದು, ಫ್ರಿಜ್ ಸರಿಸಿ ಹಿಂದೆ ಗುಡಿಸುವುದು. ಎರಡು ಜನಕ್ಕೆ ಎರಡು ಗಂಟೆಯ ಕೆಲಸ. ಏಣಿ ಹತ್ತುವ ಕೆಲಸಕ್ಕೆ ಬಂದಿದ್ದೇವೆ ಎಂದರೆ ಯಾವ ಹಿರಿಯರಿಗೂ ಅವಮಾನವಾಗುವುದಿಲ್ಲ. ಫ್ಯಾನ್ ಒರೆಸುವಾಗ ಸ್ವಿಚ್ ಆರಿಸಿದರೆ ಸಾಲದು, ಮೇನ್‌ನಲ್ಲೇ ಆರಿಸಿ. ಹಳೇ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಹೊರಕ್ಕೆ ಎಳೆದರೆ ಧೂಳು ಕವರಿನೊಳಗೇ ಉಳಿಯುತ್ತದೆ, ಕೆಳಗಿನ ಹಾಸಿಗೆ ಕೆಡುವುದಿಲ್ಲ. ಇಷ್ಟು ಚೊಕ್ಕವಾಗಿ ಮಾಡಿದ್ದನ್ನು ಕಣ್ಣಾರೆ ಕಂಡವರು ಮುಂದಿನ ಸಲ ಬೇಡ ಅನ್ನುವುದಿಲ್ಲ.

ಆ ಮನೆಗೆ ಈಗಾಗಲೇ ಕೆಲಸದವರು ಬರುತ್ತಿದ್ದರೆ ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಜನರನ್ನು ನೋಡಿದ ಕೂಡಲೇ ಅವರಿಗೆ ತಮ್ಮ ಕೆಲಸ ಹೋಗುತ್ತದೆ ಎಂಬ ಆತಂಕ. ಅವರು ಮುನಿಸಿಕೊಂಡಾರೆಂದು ಮನೆಯವರು ವೋಚರನ್ನೇ ಬಳಸದೆ ಇಟ್ಟುಬಿಡುತ್ತಾರೆ. ದಿನನಿತ್ಯದವರು ಮಾಡುವ ಕೆಲಸವನ್ನು ಈ ಪಟ್ಟಿಯಲ್ಲಿ ಹಾಕಬೇಡಿ. ಬುಕಿಂಗ್ ಮಾಡುವಾಗ ‘ದಿನಾ ಬರುವವರ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ’ ಎಂದು ನೀವಾಗಿಯೇ ಹೇಳಿ.

ಮೊತ್ತವೋ, ಗಂಟೆಯೋ, ಕೆಲಸವೋ

ವೋಚರ್ ಮೂರು ಬಗೆಯಲ್ಲಿ ಮಾಡಬಹುದು. ಇಂತಿಷ್ಟು ಮೊತ್ತದ ವೋಚರ್ ಬೇಡವೇ ಬೇಡ. ಪಡೆದವರು ಆ ಮೊತ್ತದಲ್ಲಿ ಬೇರೆ ಏನೇನು ಬರುತ್ತಿತ್ತು ಎಂದು ಲೆಕ್ಕ ಹಾಕಲು ಶುರುಮಾಡುತ್ತಾರೆ, ಅಂದರೆ ನೀವು ಕಷ್ಟಪಟ್ಟು ದಾಟಿಸಿದ ಮನೆಖರ್ಚಿನ ಖಾತೆಗೇ ವಾಪಸ್. ದರ ಏರಿದ ಮೇಲೆ ಬಳಸಿದರೆ ಕೊರತೆ, ಕಡಿಮೆ ಬಳಸಿದರೆ ಚಿಲ್ಲರೆ ಬಾಕಿ, ಎರಡೂ ತಕರಾರು.

ನಿಗದಿತ ಕೆಲಸದ ವೋಚರ್ (‘ಪೂರ್ತಿ ಅಡುಗೆಮನೆ’) ಕೇಳಲು ಚೆನ್ನ, ಆದರೆ ಮನೆ ನೋಡದೆ ಒಪ್ಪಿಕೊಂಡ ಕೆಲಸ ಅದು. ಒಂದು ಅಡುಗೆಮನೆಯ ಜಿಡ್ಡು ತೆಗೆಯಲು ಇಬ್ಬರಿಗೆ ಎರಡೂವರೆ ಗಂಟೆ ಸಾಕು, ಇನ್ನೊಂದಕ್ಕೆ ಐದು ಗಂಟೆಯೂ ಸಾಲದು. ಕೊಟ್ಟವರ ಆಯ್ಕೆ ಪಡೆದವರಿಗೆ ಬೇಕಾದದ್ದೇ ಆಗಿರಬೇಕೆಂದೂ ಇಲ್ಲ. ಉಡುಗೊರೆ ಪಡೆದವರು ಅದಕ್ಕೆ ಕೊಡುವ ಬೆಲೆ ಕೊಂಡ ಬೆಲೆಗಿಂತ ಶೇಕಡಾ ಹತ್ತರಿಂದ ಮೂರನೇ ಒಂದು ಪಾಲಿನವರೆಗೆ ಕಡಿಮೆ ಇರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಅಂದಾಜು ಮಾಡಿದ್ದು ಇದೇ ಅಂತರವನ್ನು.

ನನ್ನ ಸಲಹೆ ಗಂಟೆಯ ವೋಚರ್, ಜೊತೆಗೆ ಆಯ್ಕೆಯ ಪಟ್ಟಿ. ‘ಇಬ್ಬರು, ಮೂರು ಗಂಟೆ’ ಎಂದು ಕೊಡುವವರು ಕೊಳ್ಳುತ್ತಾರೆ. ಆ ಮೂರು ಗಂಟೆಯಲ್ಲಿ ಏನಾಗಬೇಕು ಎಂದು ಪಡೆದವರು ಆರಿಸುತ್ತಾರೆ. ಪಟ್ಟಿಯಲ್ಲಿ ಪ್ರತಿ ಕೆಲಸದ ಎದುರು ಇಬ್ಬರಿಗೆ ತಗಲುವ ಸಮಯ ಹಾಕಿ: ಬಾತ್‌ರೂಮ್ 40 ನಿಮಿಷ, ಒಲೆ-ಕಟ್ಟೆ-ಸಿಂಕ್ 45, ಅಡುಗೆಮನೆ ಕಪಾಟಿನ ಹೊರಮೈ 40, ಫ್ರಿಜ್ ಒಳಭಾಗ 30, ಫ್ಯಾನ್ ಒಂದಕ್ಕೆ 10, ಜಾಲರಿ ಇರುವ ಕಿಟಕಿ ಒಂದಕ್ಕೆ 15. ಇವು ಒಂದು ಅಂದಾಜು. ನಿಮ್ಮವರೇ ಐದಾರು ಮನೆಯಲ್ಲಿ ಗಡಿಯಾರ ಇಟ್ಟು ಅಳೆದ ಸಮಯವನ್ನು ಹಾಕಿ. ಒಟ್ಟು 150 ನಿಮಿಷಕ್ಕಿಂತ ಹೆಚ್ಚು ಆರಿಸಲು ಬಿಡಬೇಡಿ. ಮೊದಲ ಹತ್ತು ನಿಮಿಷ ಮನೆ ನೋಡುವುದಕ್ಕೆ, ಕೊನೆಯ ಹದಿನೈದಿಪ್ಪತ್ತು ಸಾಮಾನು ಕಟ್ಟಿ ತೋರಿಸಿ ಹೊರಡುವುದಕ್ಕೆ ಹೋಗುತ್ತದೆ.

ಸಮಯ ಸಾಲದಿದ್ದರೆ? ಎಲ್ಲ ಕೆಲಸವನ್ನೂ ಅರ್ಧಂಬರ್ಧ ಮಾಡುವುದು ಅತಿ ಕೆಟ್ಟ ದಾರಿ. ಪಡೆದವರು ಹೇಳಿದ ಕ್ರಮದಲ್ಲಿ ಒಂದೊಂದನ್ನೇ ಪೂರ್ತಿ ಮುಗಿಸುತ್ತ ಹೋಗಿ, ಸಮಯವಾದಾಗ ನಿಲ್ಲಿಸಿ. ಹೆಚ್ಚಿನ ಸಮಯಕ್ಕೆ ಅಲ್ಲೇ ದುಡ್ಡು ಕೇಳಬಾರದು. ಉಡುಗೊರೆ ಪಡೆದವರ ಕೈಯಿಂದ ಅದೇ ದಿನ ಒಂದು ಪೈಸೆ ಹೊರಟರೂ ಅದು ಉಡುಗೊರೆಯಾಗಿ ಉಳಿಯುವುದಿಲ್ಲ. ಟಿಪ್ಸ್ ವಿಚಾರವೂ ಹಾಗೇ: ಬೇಕಿಲ್ಲ ಎಂದು ಕಾರ್ಡಿನಲ್ಲೇ ಬರೆಯಿರಿ, ಅದರ ಬದಲಿಗೆ ಉಡುಗೊರೆ ಕೆಲಸಕ್ಕೆ ಹೋದವರಿಗೆ ಮಾಮೂಲಿ ಕೂಲಿಗಿಂತ ಸ್ವಲ್ಪ ಹೆಚ್ಚೇ ಕೊಡಿ. ‘ಫ್ರೀ ಕೆಲಸ’ ಎಂದು ಅವರು ತಿಳಿದುಕೊಂಡರೆ ಅದು ಒರೆಸುವ ಬಟ್ಟೆಯಲ್ಲೇ ಕಾಣುತ್ತದೆ.

ಕಾರ್ಡಿನಲ್ಲಿ ಏನು

ಮುಂಭಾಗದಲ್ಲಿ ಕೊಡುವವರ ಮಾತು ಮಾತ್ರ. ನಿಮ್ಮ ಲೋಗೋ ಮೂಲೆಯಲ್ಲಿ ಚಿಕ್ಕದಾಗಿರಲಿ. ದರ ಎಲ್ಲೂ ಬೇಡ, ರಸೀದಿ ಕೊಂಡವರಿಗೆ ಪ್ರತ್ಯೇಕ. ಪೊರಕೆ, ಬಕೆಟ್ಟು, ಬ್ರಷ್ಷಿನ ಚಿತ್ರವೂ ಬೇಡ. ಮಾತು ತೋಚದವರಿಗೆ ನಾಲ್ಕೈದು ಮಾದರಿ ಸಿದ್ಧವಿರಲಿ: ‘ಈ ಮೂರು ಗಂಟೆ ನೀನು ಮಲಗು, ಮನೆ ಅವರು ನೋಡ್ಕೋತಾರೆ’ ಅಥವಾ ‘ಅಮ್ಮಾ, ಇನ್ನು ಸ್ಟೂಲ್ ಹತ್ತಬೇಡ’. ಹಿಂಭಾಗ ಹೀಗಿರಬಹುದು:

‘ಇಬ್ಬರು ಕೆಲಸಗಾರರು ನಿಮ್ಮ ಮನೆಗೆ ಮೂರು ಗಂಟೆ ಬರುತ್ತಾರೆ. ಹಣ ಪೂರ್ತಿ ಸಂದಾಯವಾಗಿದೆ. ನೀವು ಏನೂ ಕೊಡಬೇಕಿಲ್ಲ, ಏನೂ ತರಿಸಬೇಕಿಲ್ಲ. ಏನು ಮಾಡಬೇಕೆಂಬುದು ನಿಮ್ಮ ಆಯ್ಕೆ, ಪಟ್ಟಿ ಜೊತೆಗಿದೆ. ಮೊದಲೇ ಗುಡಿಸಿ ಒಪ್ಪ ಮಾಡುವ ಅಗತ್ಯವಿಲ್ಲ. ಬೇಡವಾದ ಕೋಣೆಯ ಬಾಗಿಲು ಮುಚ್ಚಿಡಿ, ಅಲ್ಲಿಗೆ ಯಾರೂ ಹೋಗುವುದಿಲ್ಲ. ಬರುವವರ ಹೆಸರು, ಫೋಟೊ ಹಿಂದಿನ ದಿನ ಕಳಿಸುತ್ತೇವೆ. ನಿಮಗೆ ಬೇಡವೆನಿಸಿದರೆ ಬೇರೆ ಯಾರಿಗಾದರೂ ಕೊಡಬಹುದು. ಈ ಕೋಡ್ ಅನ್ನು ನಮಗೆ ಮೆಸೇಜ್ ಮಾಡಿದರೆ ಸಾಕು.’

ಇದರಲ್ಲಿ ಪ್ರತಿ ವಾಕ್ಯಕ್ಕೂ ಒಂದು ಹಿಂಜರಿಕೆ ಎದುರಿಗಿದೆ. ‘ಮೊದಲೇ ಗುಡಿಸಬೇಕಿಲ್ಲ’ ಎಂಬುದನ್ನು ತೆಗೆದುಬಿಟ್ಟರೆ ಏನಾಗುತ್ತದೆ ಗೊತ್ತೇ? ಕ್ಲೀನಿಂಗ್‌ನವರು ಬರುವ ಮುಂಚೆ ಮನೆ ಕ್ಲೀನ್ ಮಾಡಿಡಬೇಕು, ಅದಕ್ಕೆ ಬಿಡುವಾದಾಗ ಕರೆಯೋಣ ಎಂದು ಕಾರ್ಡು ಡ್ರಾಯರ್ ಸೇರುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಬೆಡ್‌ರೂಮು, ಬೀರು ಕೊನೆಯಲ್ಲಿರಲಿ. ನಾಚಿಕೆ ಹೆಚ್ಚಿರುವುದು ಅಲ್ಲಿ. ಕಿಟಕಿ, ಫ್ಯಾನ್, ಬಾಲ್ಕನಿ, ಅಡುಗೆಮನೆ ಮೊದಲು ಬರಲಿ. ಕಾರ್ಡಿನ ಜೊತೆ ‘ಮುಟ್ಟಬೇಡಿ’ ಎಂದು ಬರೆದ, ಅಂಟು ಉಳಿಯದ ಹತ್ತು ಚೀಟಿ ಹಾಕಿ. ವೆಚ್ಚ ಏನೇನೂ ಅಲ್ಲ, ಆದರೆ ಮೇಜಿನ ಮೇಲಿನ ಕಾಗದದ ರಾಶಿಗೆ ಒಂದು ಚೀಟಿ ಅಂಟಿಸಿದ ಮೇಲೆ ಮನೆಯವರಿಗೆ ಹಿಡಿತ ತಮ್ಮ ಕೈಯಲ್ಲೇ ಇದೆ ಅನ್ನಿಸುತ್ತದೆ.

ಕೋಡ್ ಆರೇಳು ಅಕ್ಷರ-ಅಂಕಿಯದ್ದಾಗಿರಲಿ. ಸೊನ್ನೆ ಮತ್ತು ಓ, ಒಂದು ಮತ್ತು ಐ ಬಳಸಬೇಡಿ, ಓದುವಾಗ ತಪ್ಪುತ್ತದೆ. ಪುಸ್ತಕದಲ್ಲೋ ಶೀಟಿನಲ್ಲೋ ಪ್ರತಿ ಕೋಡಿನ ಎದುರು ಕೊಂಡವರು, ಮಾರಿದ ದಿನ, ಕೈಗೆ ಕೊಡುವ ದಿನ, ಬುಕ್ ಆದ ದಿನ, ಕೆಲಸ ಮುಗಿದ ದಿನ ಇರಬೇಕು. ‘ಕೈಗೆ ಕೊಡುವ ದಿನ’ ಕೇಳದೆ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ: ಉಡುಗೊರೆ ತಲುಪುವ ಮೊದಲೇ ನಿಮ್ಮ ಮೆಸೇಜ್ ತಲುಪಿರುತ್ತದೆ.

ಮಾರಿದ ಮೇಲೆ

ಹೆಚ್ಚಿನವರು ಎಡವುವುದು ಇಲ್ಲಿ. ವೋಚರ್ ಮಾರಾಟವಾಯಿತು, ಹಣ ಬಂತು, ಯಾರೂ ಬಳಸದಿದ್ದರೆ ಅದು ಪೂರ್ತಿ ಲಾಭ ಎಂಬ ಲೆಕ್ಕ. ದೊಡ್ಡ ಅಂಗಡಿಗಳಿಗೆ ಆ ಲೆಕ್ಕ ನಡೆದೀತು. ಹಿಂಜರಿಕೆ ಮುರಿಯಲೆಂದೇ ಉಡುಗೊರೆ ಮಾಡಿದ ನಿಮಗೆ ಬಳಕೆಯಾಗದ ವೋಚರ್ ಎಂದರೆ ಕೈತಪ್ಪಿದ ಗ್ರಾಹಕ, ಜೊತೆಗೆ ‘ಕೊಟ್ಟದ್ದು ದಂಡವಾಯಿತು’ ಎಂದುಕೊಂಡ ಇನ್ನೊಬ್ಬ ಗ್ರಾಹಕ.

ಅವಧಿಯ ಬಗ್ಗೆ ಕೇಳಿದ್ದೀರಿ. ಸುಝೇನ್ ಶು ಮತ್ತು ಐಲೆಟ್ ಗ್ನೀಝಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಮೂರು ವಾರದ, ಕೆಲವರಿಗೆ ಎರಡು ತಿಂಗಳ ಅವಧಿಯ ತಿಂಡಿ ವೋಚರ್ ಕೊಟ್ಟಿದ್ದರು. ಖಂಡಿತ ಬಳಸುತ್ತೇವೆ ಎನ್ನುವ ಭರವಸೆ ಹೆಚ್ಚಿದ್ದದ್ದು ಎರಡು ತಿಂಗಳವರಿಗೆ. ನಿಜಕ್ಕೂ ಹೆಚ್ಚು ಬಳಸಿದ್ದು ಮೂರು ವಾರದವರು. ಸಮಯ ಬೇಕಾದಷ್ಟಿದೆ ಎಂದರೆ ಇವತ್ತು ಯಾಕೆ ಎನ್ನುವುದು ಸಹಜ. ಹಾಗೆಂದು ಮೂರು ವಾರಕ್ಕೆ ರದ್ದು ಮಾಡಿದರೆ ಬಾಣಂತಿಗೋ ರೋಗಿಗೋ ಅನ್ಯಾಯ. ಹಣ ಕೊಟ್ಟು ಕೊಂಡ ವೋಚರ್‌ಗೆ ಕನಿಷ್ಠ ಅವಧಿ ಇಷ್ಟಿರಲೇಬೇಕು ಎಂಬ ಕಾನೂನೂ ಹಲವೆಡೆ ಇದೆ (ಅಮೆರಿಕದ 2009ರ ಕಾಯ್ದೆಯಲ್ಲಿ ಐದು ವರ್ಷ). ನಿಮ್ಮಲ್ಲಿನ ನಿಯಮವನ್ನು ಲೆಕ್ಕಪರಿಶೋಧಕರ ಹತ್ತಿರ ಕೇಳಿ. ಎರಡನ್ನೂ ಹೊಂದಿಸುವ ಉಪಾಯ: ವೋಚರ್ ಕನಿಷ್ಠ ಒಂದು ವರ್ಷ ಊರ್ಜಿತ, ಆದರೆ ಕೈಸೇರಿದ 45 ದಿನದೊಳಗೆ ಬುಕ್ ಮಾಡಿದರೆ ಅರ್ಧ ಗಂಟೆ ಹೆಚ್ಚುವರಿ. ಮೊದಲು ಹೇಳಿದ ಅರ್ಧ ಗಂಟೆಯನ್ನು ಖರ್ಚು ಮಾಡಬೇಕಾದ್ದು ಇಲ್ಲೇ.

ಕೈಗೆ ಕೊಟ್ಟು ಮೂರ್ನಾಲ್ಕು ದಿನವಾದ ಮೇಲೆ, ಕೊಂಡವರ ಮೂಲಕವೇ ಒಂದು ಮೆಸೇಜ್ ಹೋಗಲಿ. ‘ಯಾವಾಗ ಅನುಕೂಲ?’ ಎಂದು ಕೇಳಿದರೆ ‘ಹೇಳ್ತೀವಿ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಮಂಗಳವಾರ ಬೆಳಿಗ್ಗೆ, ಗುರುವಾರ ಮಧ್ಯಾಹ್ನ, ಶನಿವಾರ ಬೆಳಿಗ್ಗೆ, ಈ ಮೂರರಲ್ಲಿ ಯಾವುದು?’ ಎಂದು ಕೇಳಿ. ಉತ್ತರ ಬರದಿದ್ದರೆ ಒಂದು ತಿಂಗಳಾದ ಮೇಲೊಮ್ಮೆ, ಅವಧಿ ಮುಗಿಯುವುದಕ್ಕೆ ಒಂದು ತಿಂಗಳ ಮೊದಲೊಮ್ಮೆ ನೆನಪಿಸಿ, ಅಷ್ಟೇ. ಪಡೆದವರ ನಂಬರನ್ನು ಜಾಹೀರಾತಿನ ಪಟ್ಟಿಗೆ ಸೇರಿಸಬೇಡಿ. ಅವರು ನಿಮಗೆ ಕೊಟ್ಟದ್ದಲ್ಲ ಅದು.

ಬುಕ್ ಆದ ಮೇಲಿನ ಫೋನಿನಲ್ಲಿ ಕೇಳಬೇಕಾದ ಆರು ವಿಷಯ: ನೆಲ ಮತ್ತು ಕಟ್ಟೆ ಯಾವ ಕಲ್ಲಿನದು, ವಾಸನೆ ಅಲರ್ಜಿ ಯಾರಿಗಾದರೂ ಇದೆಯೇ, ಮಗು ಮಲಗುವ ಹೊತ್ತು, ಸಾಕುಪ್ರಾಣಿ, ಹೋಗಬಾರದ ಕೋಣೆ, ನೀರು-ಕರೆಂಟು ಇರುವ ಸಮಯ. ಮೊದಲನೆಯದು ಕಾಟಾಚಾರದ ಪ್ರಶ್ನೆಯಲ್ಲ. ಅಮೃತಶಿಲೆಗೆ ವಿನೆಗರ್, ನಿಂಬೆ, ಟಾಯ್ಲೆಟ್ ಕ್ಲೀನರ್‌ನಂಥ ಯಾವ ಆಮ್ಲ ಬಿದ್ದರೂ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ಚಿಮಣಿಯ ಅಲ್ಯುಮಿನಿಯಂ ಫಿಲ್ಟರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿದರೆ ಕಪ್ಪಾಗುತ್ತದೆ, ಲೋಹವೇ ಕರಗುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ದ್ರವದಲ್ಲಿ 20-30 ನಿಮಿಷ ಬಿಟ್ಟು ಮೆದು ಬ್ರಷ್‌ನಲ್ಲಿ ತಿಕ್ಕಬೇಕು. ಬ್ಲೀಚಿಂಗ್ ದ್ರವವನ್ನು ಆಮ್ಲದ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮಗು ಇರುವ ಮನೆಗೆ ಇವೆರಡನ್ನು ಒಟ್ಟಿಗೆ ಒಯ್ಯಲೇಬೇಡಿ. ಉಡುಗೊರೆ ಕೆಲಸದಲ್ಲಾಗುವ ಹಾನಿ ಎರಡು ಮನೆಗಳ ನಡುವೆ ಮನಸ್ತಾಪ ತರುತ್ತದೆ: ಪಡೆದವರು ಕೊಟ್ಟವರಿಗೆ ಹೇಳಲೂ ಆಗದೆ, ನುಂಗಲೂ ಆಗದೆ ಒದ್ದಾಡುತ್ತಾರೆ. ಹಾನಿಯಾದರೆ ನೀವೇ ಒಪ್ಪಿಕೊಂಡು, ಕೊಟ್ಟವರನ್ನು ನಡುವೆ ತರದೆ ಸರಿಪಡಿಸಿ.

ಬಾಗಿಲಲ್ಲಿ ಮೊದಲ ಮಾತು ‘ಕ್ಲೀನಿಂಗ್‌ಗೆ ಬಂದಿದ್ದೀವಿ’ ಎಂದಾಗಬಾರದು. ‘ನಿಮ್ಮ ಮಗಳು ಕಳಿಸಿದ್ದಾರಮ್ಮ, ಎಲ್ಲಿಂದ ಶುರು ಮಾಡೋಣ ಹೇಳಿ’ ಎನ್ನಬೇಕು. ಒಳಗೆ ಏನೇ ಕಂಡರೂ ‘ಅಯ್ಯೋ, ಎಷ್ಟು ವರ್ಷವಾಯ್ತು ಇದನ್ನ ತೆಗೆದು!’ ಎಂಬಂಥ ಮಾತು ಬರಕೂಡದು. ಕೆಲಸದ ಮುಂಚಿನ-ನಂತರದ ಫೋಟೊ ಮನೆಯವರನ್ನು ಕೇಳದೆ ತೆಗೆಯಬಾರದು. ಕೇಳಿದರೂ ಉಡುಗೊರೆ ಕೆಲಸದಲ್ಲಿ ತೆಗೆಯದಿರುವುದೇ ಮೇಲು, ಏಕೆಂದರೆ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಕೊಟ್ಟವರಿಗೆ ನೀವು ತಿಳಿಸಬೇಕಾದ್ದು ಒಂದೇ ಸಾಲು: ‘ಇಂಥ ದಿನ ಕೆಲಸ ಮುಗಿಯಿತು.’ ಮನೆ ಹೇಗಿತ್ತು, ಎಷ್ಟು ಕಷ್ಟವಾಯಿತು ಎಂಬುದನ್ನು ಕೊಟ್ಟವರೇ ಕೆದಕಿ ಕೇಳಿದರೂ ಹೇಳಬೇಡಿ.

ಮತ್ತೊಂದು ಸೇವೆ ಮಾರುವ ಮಾತು ಆ ದಿನ ಎತ್ತಲೇಬೇಡಿ. ಎರಡು ವಾರ ಕಳೆದ ಮೇಲೆ, ಮನೆಯವರ ಒಪ್ಪಿಗೆ ಇದ್ದರೆ, ಒಂದು ಮೆಸೇಜ್. ಅದರಲ್ಲೂ ವಾರಕ್ಕೊಮ್ಮೆಯ ಚಂದಾ ಬೇಡ; ಅವರು ಆರಿಸಿದ್ದ ಕೆಲಸದಲ್ಲೇ ಒಂದು, ಸಹಜ ಅಂತರದಲ್ಲಿ: ‘ಅಡುಗೆಮನೆಗೆ ಮೂರು ತಿಂಗಳಿಗೊಮ್ಮೆ ಸಾಕು, ಬೇಕೆನಿಸಿದರೆ ಅದೇ ಇಬ್ಬರು ಬರುತ್ತಾರೆ.’ ‘ಅದೇ ಇಬ್ಬರು’ ಎನ್ನುವುದನ್ನು ಬಿಡಬೇಡಿ, ಅಪರಿಚಿತರ ಭಯ ಮತ್ತೆ ಏಳದಂತೆ ತಡೆಯುವುದು ಅದೇ. ಇಷ್ಟಾದರೂ ಸ್ವಂತ ದುಡ್ಡಿನಲ್ಲಿ ಮಾಡಿಸಲು ಮನಸ್ಸಾಗದವರು ಇರುತ್ತಾರೆ. ಅಂಥ ಕಡೆ ಕೊಟ್ಟವರನ್ನೇ ಮರುಗ್ರಾಹಕರನ್ನಾಗಿ ನೋಡಿ. ಮೂವರು ಮಕ್ಕಳು ಸೇರಿ ತಂದೆತಾಯಿಯ ಮನೆಗೆ ಎರಡು ತಿಂಗಳಿಗೊಮ್ಮೆಯ ಭೇಟಿ ಹಂಚಿಕೊಳ್ಳಬಹುದು. ಮೂರು ರಸೀದಿ ಬೇರೆ ಬೇರೆ ಮಾಡಿಕೊಡುವಷ್ಟು ಶ್ರಮ ನಿಮ್ಮದು.

ಎಷ್ಟು ಮಾರಬೇಕು, ಹಣ ಎಲ್ಲಿಡಬೇಕು

ನಾಲ್ಕು ಜನ ಎಂದರೆ ಎರಡು ಜೋಡಿ. ಜೋಡಿಗೆ ದಿನಕ್ಕೆ ಮೂರು ಗಂಟೆಯ ಎರಡು ಕೆಲಸ, ತಿಂಗಳಿಗೆ 24 ದಿನ ಎಂದರೆ 96 ಭೇಟಿ. ಅದರಲ್ಲಿ ಕಾಲು ಭಾಗ, 24 ಭೇಟಿ, ಉಡುಗೊರೆಗೆ ಮೀಸಲಿಡಿ. ಬಳಕೆಯಾಗದೆ ಹೊರಗಿರುವ ವೋಚರ್ ಯಾವ ಹೊತ್ತಿನಲ್ಲೂ 48 ದಾಟದಿರಲಿ, ಅಂದರೆ ಎಲ್ಲರೂ ಒಟ್ಟಿಗೆ ಕರೆದರೂ ಎರಡು ತಿಂಗಳಲ್ಲಿ ತೀರಿಸುವಷ್ಟು. ಉಡುಗೊರೆಯ ಕಾಲದಲ್ಲಿ ನೂರು ಮಾರಿಬಿಟ್ಟರೆ ಮುಂದೆ ಪೂರ್ತಿ ಹಣ ಕೊಡುವ ಹಳೇ ಗ್ರಾಹಕರಿಗೆ ದಿನ ಸಿಗುವುದಿಲ್ಲ. ಮಿತಿ ಮುಟ್ಟಿದಾಗ ಮಾರಾಟ ನಿಲ್ಲಿಸಿ, ಅದನ್ನು ಹೇಳಿಕೊಳ್ಳಿ.

ವೋಚರ್‌ನಿಂದ ಬಂದ ಹಣ ಕೆಲಸ ಮುಗಿಯುವವರೆಗೆ ನಿಮ್ಮ ಆದಾಯವಲ್ಲ, ಸಾಲ. ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 15 ಕೂಡ ಇದನ್ನು ಹೊಣೆಯಾಗಿಯೇ ತೋರಿಸಲು ಹೇಳುತ್ತದೆ. ಸಣ್ಣ ಸಂಸ್ಥೆಗೆ ಸರಳ ದಾರಿ ಬೇರೆಯೇ ಬ್ಯಾಂಕ್ ಖಾತೆ: ಮಾರಿದ ದಿನ ಅಲ್ಲಿಗೆ, ಕೆಲಸ ಮುಗಿದ ದಿನ ಅಲ್ಲಿಂದ ಮುಖ್ಯ ಖಾತೆಗೆ. ಈ ಹಣದಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೊಂಡುಬಿಟ್ಟರೆ ಮೂರು ತಿಂಗಳ ನಂತರ ಕೂಲಿಗೆ ಹಣವಿಲ್ಲದೆ ಭೇಟಿ ಮುಂದೂಡುವ ಪರಿಸ್ಥಿತಿ ಬರುತ್ತದೆ. ತೆರಿಗೆ ಮಾರಿದಾಗಲೋ ಬಳಸಿದಾಗಲೋ ಎಂಬುದು ನಿಯಮ ನೋಡಿ ತಿಳಿಯಬೇಕಾದದ್ದು.

ಕಾರ್ಡ್ ಕೊಳ್ಳುವವರು ಮೊದಲು ಯಾರು ಎಂಬುದು ಸಹಜ ಪ್ರಶ್ನೆ. ನಿಮ್ಮ ಹಳೇ ಗ್ರಾಹಕರೇ. ಸೇವೆಯ ರುಚಿ ಕಂಡವರು ಮಾತ್ರ ಅದನ್ನು ಧೈರ್ಯವಾಗಿ ಇನ್ನೊಬ್ಬರಿಗೆ ಕೊಡುತ್ತಾರೆ. ಕಂಪನಿಯೇ ಹಂಚುವ ಉಚಿತ ಕೂಪನ್‌ಗೂ ಗೆಳೆಯರು ಕೊಡುವ ಕಾರ್ಡಿಗೂ ಅಜಗಜಾಂತರವಿದೆ: ಒಂದರಲ್ಲಿ ‘ಏನು ಮೋಸವೋ’ ಎಂಬ ಅನುಮಾನ, ಇನ್ನೊಂದರಲ್ಲಿ ಗೆಳೆಯರ ಜಾಮೀನು. ಆದ್ದರಿಂದ ಉಚಿತವಾಗಿ ಕೊಡುವ ಮನಸ್ಸಿದ್ದರೂ ಅಪರಿಚಿತರಿಗೆ ಹಂಚಬೇಡಿ. ವರ್ಷದಲ್ಲಿ ನಾಲ್ಕು ಸಲ ಕರೆದ ಗ್ರಾಹಕರಿಗೆ ‘ಇಬ್ಬರು, ಒಂದು ಗಂಟೆ’ಯ ಒಂದು ಕಾರ್ಡ್ ಕೊಟ್ಟು, ತಾವು ಬಳಸದೆ ಇನ್ನೊಬ್ಬರಿಗೆ ಕೊಡಬೇಕೆಂಬ ಷರತ್ತು ಹಾಕಿ. ಒಂದು ಗಂಟೆಯಲ್ಲಿ ಅಡುಗೆಮನೆಯ ಕಟ್ಟೆ, ಸಿಂಕ್ ಮತ್ತು ಒಂದು ಫ್ಯಾನ್ ಆಗುತ್ತದೆ, ಪರಿಚಯಕ್ಕೆ ಅಷ್ಟು ಸಾಕು.

ಆರು ತಿಂಗಳ ಕೊನೆಯಲ್ಲಿ ಮೂರು ಅಂಕಿ ನೋಡಿ: ಮಾರಿದ್ದೆಷ್ಟು, ಬಳಕೆಯಾದದ್ದೆಷ್ಟು, ಬಳಸಿದವರಲ್ಲಿ 90 ದಿನದೊಳಗೆ ಸ್ವಂತ ಹಣದಲ್ಲಿ ಕರೆದವರೆಷ್ಟು. ಮೂವತ್ತು ಮಾರಿ ಹತ್ತು ಮಾತ್ರ ಬಳಕೆಯಾಗಿದ್ದರೆ ತೊಂದರೆ ಕಾರ್ಡಿನ ಹಿಂಭಾಗದಲ್ಲಿ ಅಥವಾ ಆ ಮೊದಲ ಮೆಸೇಜ್‌ನಲ್ಲಿ ಇದೆ. ಇಪ್ಪತ್ತೈದು ಬಳಕೆಯಾಗಿ ಮರಳಿ ಕರೆದವರು ಒಬ್ಬಿಬ್ಬರೇ ಆದರೆ ತೊಂದರೆ ಆ ಮೂರು ಗಂಟೆಯಲ್ಲಿದೆ. ಆಗ ಹೊಸ ಕಾರ್ಡ್ ಮಾರುವುದನ್ನು ನಿಲ್ಲಿಸಿ, ಬಳಸಿದವರಲ್ಲಿ ಐದು ಜನರಿಗೆ ನೀವೇ ಫೋನ್ ಮಾಡಿ ಕೇಳಿ.